ಹಳೇ ಗಾಳಿ

"ಮೊದಲನೇ ಸಾಲು ಒಬ್ಬರೇ ಹಾಡ್ತಾರೆ, ಆಮೇಲೆ ಎಲ್ಲರೂ ಸೇರ್ಕೊಳ್ಳೋಣ," ಎಂದು ಟೀಚರ್ ನಮ್ಮವರ ಕಡೆ ಕೈ ತೋರಿಸಿದರು. ಕೋಣೆಯಲ್ಲಿದ್ದ ಅಷ್ಟೂ ಜನ ಚಪ್ಪಾಳೆ ತಟ್ಟಿದರು. ಚಪ್ಪಾಳೆ ಮುಗಿಯುವ ಮೊದಲೇ ಕೆಮ್ಮು ಶುರುವಾಯಿತು. ನಮ್ಮ ಕ್ಲಾಸಿನಲ್ಲಿ ಸಂತೋಷ ಬಂದರೂ ಕೆಮ್ಮು, ದುಃಖ ಬಂದರೂ ಕೆಮ್ಮು. ನಾನು ಹೆಮ್ಮೆಯಿಂದ ನಮ್ಮವರ ಮೊಣಕೈ ತಿವಿದೆ. ಅವರ ಮುಖದಲ್ಲಿ ಒಂದು ತೊಟ್ಟು ರಕ್ತ ಇರಲಿಲ್ಲ.

ಇದು ಉಸಿರಿನ ಕ್ಲಾಸು. ಆಸ್ಪತ್ರೆಯ ಹಿಂದುಗಡೆ ಒಂದು ಹಳೇ ಕಟ್ಟಡವಿದೆ. ಕೆಳಗೆ ಬಟ್ಟೆ ಒಗೆಯುವ ಯಂತ್ರಗಳು, ಮಧ್ಯದಲ್ಲಿ ಮುರಿದ ಮಂಚಗಳ ಉಗ್ರಾಣ, ಮೇಲಿನ ಮಹಡಿಯಲ್ಲಿ ನಾವು. ಶ್ವಾಸಕೋಶ ಕೆಟ್ಟ ವಯಸ್ಸಾದವರಿಗೆ ಅಲ್ಲಿ ಹಾಡು ಕಲಿಸುತ್ತಾರೆ ಎಂದು ಡಾಕ್ಟರು ಹೇಳಿದಾಗ ನನಗೆ ನಗು ಬಂದಿತ್ತು. ಮಾತಾಡಲು ಉಸಿರಿಲ್ಲದವರಿಗೆ ಹಾಡಂತೆ! ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ. ಆದರೆ ಟೀಚರ್ ಮೊದಲ ದಿನವೇ ನನ್ನ ನಗು ಅಡಗಿಸಿದ್ದರು.

"ನಿಮ್ಮ ಕಷ್ಟ ಹೊಸ ಗಾಳಿ ಒಳಗೆ ಬರಲ್ಲ ಅನ್ನೋದಲ್ಲ," ಎಂದಿದ್ದರು. "ಹಳೇ ಗಾಳಿ ಹೊರಗೆ ಹೋಗಲ್ಲ ಅನ್ನೋದು. ಬಾಡಿಗೆಯೋರು ಮನೆ ಖಾಲಿ ಮಾಡಿದ್ರೆ ತಾನೇ ಇನ್ನೊಬ್ಬರು ಬರೋದು? ಹಾಡೋವಾಗ ಉಸಿರು ನಿಧಾನಕ್ಕೆ, ಉದ್ದಕ್ಕೆ ಹೊರಗೆ ಹೋಗುತ್ತೆ. ಗಾಬರಿಯಾದಾಗ ನೀವು ಒಳಗೆ ಎಳ್ಕೊಳ್ಳೋಕೆ ಒದ್ದಾಡ್ತೀರಿ. ಎಳೀಬೇಡಿ, ಬಿಡಿ."

ಹಾಡನ್ನು ಅವರೇ ಕಟ್ಟಿದ್ದರು. ಒಂದೇ ಸಾಲು: "ಹೋಗು ಹೋಗು ಗಾಳಿಯೇ, ಹೊರಗೆ ಬಯಲು ದೊಡ್ಡದು." ಕೊನೆಯ 'ದೂ' ಎಂಬುದನ್ನು ಉಸಿರು ಇರುವಷ್ಟೂ ಎಳೆಯಬೇಕು. ಹಾಡುವಾಗ ಎಲ್ಲರೂ ಬಲಗೈ ಎತ್ತಿ ಹಿಡಿದಿರಬೇಕು, ಉಸಿರು ಮುಗಿದವರು ಕೈ ಇಳಿಸಬೇಕು. ಅಷ್ಟು ಜನರ ದನಿಯಲ್ಲಿ ಯಾರದ್ದು ಎಲ್ಲಿ ನಿಂತಿತು ಎಂದು ಕಿವಿಗೆ ತಿಳಿಯುವುದಿಲ್ಲವಲ್ಲ, ಹಾಗಾಗಿ ಟೀಚರ್ ಕೈಗಳನ್ನು ನೋಡುತ್ತಿದ್ದರು. ಕೊನೆಯ ದನಿ ನಿಲ್ಲುವ ತನಕ ಒಂದು ಕೈ ಮೇಲೆಯೇ ಇರುತ್ತಿತ್ತು. ಅದು ನಮ್ಮವರದ್ದು.

ನನಗೇನೂ ಆಶ್ಚರ್ಯವಾಗಿರಲಿಲ್ಲ. ಇವರು ರೈಲ್ವೆ ನಿಲ್ದಾಣದಲ್ಲಿ ಅನೌನ್ಸರ್ ಆಗಿದ್ದವರು. ಯಾವ ರೈಲು ಎಷ್ಟು ತಡ ಎಂಬ ಕೆಟ್ಟ ಸುದ್ದಿಯನ್ನು ಸಿಹಿ ಸುದ್ದಿಯ ಹಾಗೆ ಹೇಳುವ ದನಿ. ಆ ದನಿ ಕೇಳಿಕೊಂಡು ರೈಲು ತಪ್ಪಿಸಿಕೊಂಡವರಿದ್ದಾರೆ ಎಂದು ಇವರೇ ಹೇಳುತ್ತಿದ್ದರು. ಅರ್ಧ ಸುಳ್ಳಿರಬಹುದು. ಆದರೆ ನಾನು ಮದುವೆಗೆ ಒಪ್ಪಿದ್ದು ಮುಖ ನೋಡಿ ಅಲ್ಲ, ಇದು ಪೂರ್ತಿ ನಿಜ.

ಕಾಯಿಲೆ ಬಂದ ಮೇಲೆ ಮನೆಯಲ್ಲಿ ಅವರ ಮಾತು ಪಿಸುಗುಟ್ಟುವುದಕ್ಕೆ ಇಳಿದಿತ್ತು. ನೀರು ಬೇಕಾದರೆ ಲೋಟ ತೋರಿಸುವುದು, ನಾನು ಬೇಕಾದರೆ ಮೇಜು ಕುಟ್ಟುವುದು. ಉಸಿರು ಉಳಿಸಿಕೊಳ್ಳುತ್ತಿದ್ದಾರೆ ಎಂದು ನಾನೂ ಸುಮ್ಮನಿದ್ದೆ. ಕ್ಲಾಸಿನಲ್ಲಿ ಮಾತ್ರ, ಅವರ ಪಕ್ಕ ಕೂತಾಗ, ನನ್ನ ಕಿವಿಯ ಹತ್ತಿರವೇ ತುಂಬಿದ ಗಂಡು ದನಿಯೊಂದು ಏಳುತ್ತಿತ್ತು. ಅದನ್ನು ಕೇಳುವುದಕ್ಕೆಂದೇ ನಾನು ಪ್ರತಿ ಸಲ ಇವರನ್ನು ಎಳೆದುಕೊಂಡು ಬರುತ್ತಿದ್ದೆ. ನಮ್ಮ ಹಿಂದಿನ ಸಾಲಿನಲ್ಲಿ ಒಬ್ಬ ಟೈಲರ್ ಕೂರುತ್ತಿದ್ದರು, ಒಳ್ಳೆಯ ಮನುಷ್ಯ. ಅವರ ಬಗ್ಗೆ ನಾನು ಯಾವತ್ತೂ ಯೋಚಿಸಿರಲಿಲ್ಲ.

ಅವತ್ತು ಟೀಚರ್ ಹೇಳಿದ್ದು ಇಷ್ಟೇ: ಆಸ್ಪತ್ರೆಯ ದೊಡ್ಡ ಸಭಾಂಗಣದಲ್ಲಿ ಡಾಕ್ಟರುಗಳ ಮುಂದೆ ನಮ್ಮ ಗುಂಪು ಹಾಡಬೇಕು, ಎಲ್ಲರಿಗಿಂತ ಉದ್ದ ಉಸಿರಿನ ನಮ್ಮವರು ಮೈಕಿನ ಮುಂದೆ ನಿಂತು ಶುರು ಮಾಡಬೇಕು. "ಈಗಲೇ ಒಂದ್ಸಲ ಒಬ್ಬರೇ ಹಾಡಿ ತೋರಿಸಿ ಸರ್," ಎಂದರು.

ನಮ್ಮವರು ಎದ್ದರು. ಹಾಡಲು ಎದ್ದರು ಎಂದುಕೊಂಡೆ. ಅವರು ಬಾಗಿಲ ಕಡೆ ನಡೆದರು. ನಡೆದದ್ದಲ್ಲ, ಹೆಚ್ಚುಕಮ್ಮಿ ಓಡಿದರು. ನಾನು ಎಲ್ಲರಿಗೂ ಒಂದು ಪೆಚ್ಚು ನಗೆ ಬೀರಿ ಹಿಂದೆಯೇ ಹೋದೆ. ಚೀಲ ಕುರ್ಚಿಯ ಮೇಲೇ ಉಳಿಯಿತು. ನನ್ನ ಫೋನು ಅದರಲ್ಲಿ. ಅವರ ಇನ್‌ಹೇಲರೂ ಅದರಲ್ಲಿ, ಯಾಕೆಂದರೆ ಜೇಬು ಉಬ್ಬಿದರೆ ಶರ್ಟಿನ ಅಂದ ಕೆಡುತ್ತದೆ ಎಂದು ಈ ಮಹಾಶಯರು ಮದ್ದನ್ನೂ ನನ್ನ ಕೈಲೇ ಹೊರಿಸುತ್ತಿದ್ದರು.

ಲಿಫ್ಟಿನ ಬಾಗಿಲು ಮುಚ್ಚುವಷ್ಟರಲ್ಲಿ ಒಳಗೆ ನುಗ್ಗಿದೆ.

"ಏನ್ರೀ ಇದು? ಅಷ್ಟು ಜನರ ಮುಂದೆ ಆ ಟೀಚರ್ ಹುಡುಗಿ ಮುಖಕ್ಕೆ ಹೊಡೆದ ಹಾಗೆ ಎದ್ದು ಬಂದ್ರಲ್ಲ!"

ಅವರು ಕೈ ಅಲ್ಲಾಡಿಸಿದರು. ಎದೆ ಜೋರಾಗಿ ಏರಿಳಿಯುತ್ತಿತ್ತು.

"ಜಂಬ ನಿಮಗೆ. ಕರೆದು ಮಣೆ ಹಾಕಿದ್ರೆ ಕೂರೋಕೆ ಬರಲ್ಲ."

"ಸುಮ್ನಿರು," ಎಂದು ಪಿಸುಗುಟ್ಟಿದರು.

"ಒಂದು ಸಾಲು ಹಾಡೋಕೆ ನಿಮ್ಮ ಗಂಟೇನು ಹೋಗ್ತಿತ್ತು?"

ಅಷ್ಟರಲ್ಲಿ ಲಿಫ್ಟು ಒಮ್ಮೆ ಕುಲುಕಿ ನಿಂತಿತು. ದೀಪ ಹೋಯಿತು. ಫ್ಯಾನು ಹೋಯಿತು. ನನ್ನ ಬಾಯಿ ಕೂಡ ನಿಂತಿತು.

ಕಗ್ಗತ್ತಲೆ. ನನ್ನ ಕೈ ನನಗೇ ಕಾಣದು. ಗುಂಡಿಗಳನ್ನೆಲ್ಲ ತಡಕಿ ಒತ್ತಿದೆ, ಕರೆಂಟೇ ಇಲ್ಲದ ಮೇಲೆ ಯಾವ ಗಂಟೆ ಬಾರಿಸುತ್ತದೆ? ಮುಂದಿನ ದೊಡ್ಡ ಆಸ್ಪತ್ರೆಗೆ ಜನರೇಟರ್ ಇದೆ, ಅದರ ತಂತಿ ಈ ಹಳೇ ಕಟ್ಟಡದ ತನಕ ಬಂದಿಲ್ಲ. ನಾನು ಎರಡೂ ಕೈಯಿಂದ ಬಾಗಿಲು ಬಡಿದೆ. ಕೆಳಗಿನಿಂದ ಯಾರೋ ಕೂಗಿದರು, "ಮೆಕ್ಯಾನಿಕ್‌ಗೆ ಹೇಳಿದೀವಿ, ಬರ್ತಿದಾನೆ!"

"ಬೇಗ ಬರೋಕೆ ಹೇಳಿ! ಇವರಿಗೆ ಉಸಿರಿನ ಕಾಯಿಲೆ!"

"ಗಾಬರಿ ಆಗ್ಬೇಡಿ ಅಮ್ಮಾ!"

ಗಾಬರಿ ಆಗಬೇಡಿ ಎನ್ನುವುದು ಸುಲಭ. ನನ್ನ ಹಿಂದೆ ನಮ್ಮವರ ಉಸಿರು ಬದಲಾಗಿತ್ತು. ಮೊದಲು ಗರಗರ ಎಂಬ ಸದ್ದು, ಆಮೇಲೆ ಸಣ್ಣ ಸಣ್ಣ ತುಂಡು ತುಂಡು. ಎಳೆಯುವುದೇ ಕೇಳುತ್ತಿತ್ತು, ಬಿಡುವುದು ಕೇಳುತ್ತಿರಲಿಲ್ಲ. ಅವರು ಗೋಡೆಗೆ ಒರಗಿ ಜಾರಿ ಕೂತದ್ದು ಸದ್ದಿನಿಂದ ತಿಳಿಯಿತು. ನಾನು ಚೀಲಕ್ಕಾಗಿ ಭುಜ ಮುಟ್ಟಿಕೊಂಡೆ. ಭುಜ ಖಾಲಿಯಿತ್ತು.

ಮಂಡಿಯೂರಿ ಅವರ ಎದುರು ಕೂತೆ. ಇದಕ್ಕೆ ತಾನೇ ಇಷ್ಟು ದಿನ ಕ್ಲಾಸಿಗೆ ಬಂದದ್ದು, ಇವರೇ ತಾನೇ ಎಲ್ಲರಿಗಿಂತ ಮುಂದಿದ್ದವರು ಎಂದು ಧೈರ್ಯ ತಂದುಕೊಂಡೆ.

"ರೀ, ಎಳೀಬೇಡಿ. ಬಿಡಿ. ಹಾಡಿ. ನಾನೂ ಹಾಡ್ತೀನಿ. ಹೋಗು ಹೋಗು ಗಾಳಿಯೇ..."

ನನ್ನ ದನಿ ಆ ಡಬ್ಬಿಯಲ್ಲಿ ನನಗೇ ಹೊಡೆಯಿತು. ಸಾಲು ಮುಗಿಸಿ ಕಿವಿಗೊಟ್ಟೆ. ಎದುರಿನಿಂದ ಅದೇ ತುಂಡು ಉಸಿರು.

"ಹಾಡ್ರೀ!"

ಮತ್ತೆ ಶುರು ಮಾಡಿದೆ. ಈ ಸಲ ತಡಕಿ ಅವರ ಕೆನ್ನೆಯ ಮೇಲೆ ಅಂಗೈ ಇಟ್ಟೆ. ಕೆನ್ನೆ ತಣ್ಣಗೆ ಒದ್ದೆಯಾಗಿತ್ತು. ಅದರಡಿ ದವಡೆ ಆಡುತ್ತಿತ್ತು. 'ಹೋ' ಎಂದಾಗ ತುಟಿ ದುಂಡಗಾಯಿತು, 'ಗಾ' ಎಂದಾಗ ಬಾಯಿ ತೆರೆಯಿತು, 'ದೂ' ಎಂದಾಗ ತುಟಿ ಮುಂದೆ ಬಂತು. ಒಂದಕ್ಷರ ಹಿಂದೆಮುಂದಿಲ್ಲ. ದನಿ ಮಾತ್ರ ಇಲ್ಲ. ಗಾಳಿಯೂ ಇಲ್ಲ.

ಕತ್ತಲೆಯಲ್ಲಿ ಕೂತು ನಾನು ಆ ತುಟಿಗಳ ಮೇಲೆ ಬೆರಳಿಟ್ಟುಕೊಂಡೆ. ಅಷ್ಟು ಅಭ್ಯಾಸವಾಗಿದ್ದ ಆಟ ಅದು, ಜೀವ ಹೋಗುವ ಹೊತ್ತಿಗೂ ತಾನಾಗಿ ಆಡುತ್ತಿತ್ತು.

"ನೀವು ಹಾಡ್ತಾನೇ ಇರಲಿಲ್ಲ," ಎಂದೆ.

ತುಟಿಗಳ ಆಟ ನಿಂತಿತು.

"ಇಷ್ಟು ದಿನಾನೂ. ಒಂದ್ಸಲಾನೂ ಇಲ್ಲ. ಆ ದನಿ ಹಿಂದೆ ಕೂರೋ ಟೈಲರ್‌ದು."

ಅವರ ತಲೆ ನನ್ನ ಅಂಗೈಯಲ್ಲಿ ಹೌದೆಂದು ಅಲ್ಲಾಡಿತು.

ಕಳ್ಳ! ಕೈ ಎತ್ತಿ ಹಿಡಿದು ಟೀಚರಿಗೆ ಟೋಪಿ ಹಾಕಿದ್ದಲ್ಲದೆ, ನನಗೂ ಹಾಕಿದ್ದರು. ನನ್ನ ಮೇಲೂ ನನಗೆ ಕಡಿಮೆ ಸಿಟ್ಟು ಬರಲಿಲ್ಲ. ಇಷ್ಟು ವರ್ಷ ಸಂಸಾರ ಮಾಡಿ, ಗಂಡನ ದನಿ ಯಾವುದು, ಬಟ್ಟೆ ಹೊಲಿಯುವವನ ದನಿ ಯಾವುದು ಎಂದು ತಿಳಿಯದ ಹೆಂಡತಿ! ಕೇಳಬೇಕೆಂದಿದ್ದನ್ನೇ ಕೇಳಿಸಿಕೊಂಡು ಖುಷಿಪಟ್ಟಿದ್ದೆ. ಬೈಯಲು ಬಾಯಿ ತೆರೆದೆ. ಆಗ ಸಿಟ್ಟಿನ ಕೆಳಗಿದ್ದದ್ದು ಮೇಲೆ ಬಂತು. ಇವರು ಕಲಿತಿರಲಿಲ್ಲ. ನಾನು ನಂಬಿಕೊಂಡಿದ್ದ ವಿದ್ಯೆ ಇವರ ಹತ್ತಿರ ಇರಲೇ ಇಲ್ಲ. ಈ ಕತ್ತಲೆ ಪೆಟ್ಟಿಗೆಯಲ್ಲಿ ಇವರ ಬಳಿ ಇದ್ದದ್ದು ಬರೀ ತುಟಿ.

"ಯಾಕ್ರೀ?" ಎಂದು ಮಾತ್ರ ಕೇಳಿದೆ.

"ಚೆನ್ನಾಗಿಲ್ಲ," ಎಂದರು. ಒಂದು ಎಳೆತ. "ದನಿ... ಚೆನ್ನಾಗಿಲ್ಲ."

ನನಗೆ ಅಳು ಬಂತು. ತಡೆದುಕೊಳ್ಳಲು ಹೋದೆ, ಆಗಲಿಲ್ಲ. ನಾನು ಅಳುವವಳಲ್ಲ, ನನ್ನ ತಾಯಿ ತೀರಿಕೊಂಡಾಗಲೂ ಬಂದವರಿಗೆ ಕುರ್ಚಿ ಹಾಕುತ್ತಾ ಓಡಾಡಿದವಳು. ಈಗ ಲಿಫ್ಟಿನ ಕೊಳಕು ನೆಲದ ಮೇಲೆ ಕೂತು ಗೊಳೋ ಎಂದು ಅತ್ತೆ. ಅವರಿಗೆ ನನ್ನ ಮುಖ ಕಾಣುತ್ತಿರಲಿಲ್ಲ, ನನ್ನ ಅಳು ಮಾತ್ರ ಕೇಳುತ್ತಿತ್ತು.

ಆಗ ಎದುರಿನಿಂದ ಒಂದು ಸದ್ದು ಬಂತು. ಮೊದಲು ಅದು ಅವರ ಗಂಟಲಲ್ಲಿ ಏನೋ ಸಿಕ್ಕಿಕೊಂಡದ್ದು ಎಂದುಕೊಂಡೆ. ಒಡೆದ, ಒಣಗಿದ, ತುಕ್ಕು ಹಿಡಿದ ಬಾಗಿಲು ಸರಿದ ಹಾಗಿನ ಸದ್ದು. "ಹೋ... ಗು..." ಅಷ್ಟಕ್ಕೇ ನಿಂತಿತು. ಮತ್ತೆ, "ಹೋಗು... ಗಾ..."

ಅವರು ನನ್ನನ್ನು ಸಮಾಧಾನ ಮಾಡಲು ಹಾಡುತ್ತಿದ್ದರು. ತಮ್ಮ ಜೀವಕ್ಕಾಗಿ ಬಾಯಿ ಬಿಡದ ಮನುಷ್ಯ, ನಾನು ಅತ್ತೆನೆಂದು ಬಿಟ್ಟರು. ನಿಜ ಹೇಳಬೇಕೆಂದರೆ ಅದು ಕೇಳುವಂಥ ದನಿಯಲ್ಲ. ನಾನು ಒಪ್ಪಿ ಮದುವೆಯಾದ ದನಿಯ ಒಂದು ಚೂರೂ ಅದರಲ್ಲಿ ಇರಲಿಲ್ಲ. ಆದರೆ ಆ ಸದ್ದಿನ ಜೊತೆ ನನ್ನ ಮುಖಕ್ಕೆ ಬಿಸಿ ಗಾಳಿ ತಾಗಿತು. ಗಾಳಿ ಹೊರಗೆ ಬರುತ್ತಿತ್ತು.

"ಹಾಗೇ, ಹಾಗೇ," ಎಂದೆ ಮೂಗೊರೆಸಿಕೊಳ್ಳುತ್ತಾ. "ಇನ್ನೊಂದ್ಸಲ."

'ಹೊರಗೆ ಬಯಲು' ತನಕ ಬಂದರು.

ಅಷ್ಟರಲ್ಲಿ ತಲೆಯ ಮೇಲೆ ಕಬ್ಬಿಣ ಕಿರುಗುಟ್ಟಿತು. ಲಿಫ್ಟು ಎರಡು ಮಹಡಿಗಳ ನಡುವೆ ನಿಂತಿತ್ತು. ಮೇಲಿನಿಂದ ಯಾರೋ ಸರಳು ಹಾಕಿ ಬಾಗಿಲು ಮೀಟಿದ್ದರು. ಚಾವಣಿಯ ಹತ್ತಿರ ಒಂದು ಗೇಣಿನಷ್ಟು ಸಂದು ತೆರೆಯಿತು. ಬೆಳಕು ಒಳಗೆ ಬಿತ್ತು. ಸಂದಿನಲ್ಲಿ ಟೀಚರ್ ಮುಖ, ಅವರ ಪಕ್ಕ ಟೈಲರ್ ಮುಖ, ಹಿಂದೆ ಕ್ಲಾಸಿನ ಮಿಕ್ಕವರ ಮುಖಗಳು, ನೆಲಕ್ಕೆ ಬಗ್ಗಿ, ಅಡ್ಡಡ್ಡವಾಗಿ.

"ಇನ್ನೂ ಅಗಲ ಆಗ್ತಿಲ್ಲ, ಮೆಕ್ಯಾನಿಕ್ ಬರ್ಬೇಕು," ಎಂದು ಟೀಚರ್ ಕೂಗಿದರು. "ಇನ್‌ಹೇಲರ್ ತಗೊಳ್ಳಿ!"

ಟೈಲರ್ ನನ್ನ ಚೀಲವನ್ನೇ ಸಂದಿನಲ್ಲಿ ತುರುಕಿದರು. ನಾನು ಇನ್‌ಹೇಲರ್ ಕಿತ್ತುಕೊಂಡು ನಮ್ಮವರ ಬಾಯಿಗಿಟ್ಟು ಒತ್ತಿದೆ. ಮದ್ದು ಹೊಗೆಯ ಹಾಗೆ ತುಟಿಯ ಪಕ್ಕದಿಂದ ಹೊರಗೇ ಬಂತು. ಎದೆ ತುಂಬಿಕೊಂಡವರಿಗೆ ಒಳಗೆ ಎಳೆದುಕೊಳ್ಳಲು ಜಾಗ ಎಲ್ಲಿದೆ? ಇನ್ನೊಮ್ಮೆ ಒತ್ತಿದೆ. ಅದೂ ದಂಡ.

"ಮೊದಲು ಉಸಿರು ಪೂರ್ತಿ ಹೊರಗೆ ಬಿಡಿಸಿ!" ಟೀಚರ್ ಕೂಗಿದರು. "ಸರ್, ಹಾಡಿ! ನಿಮಗಿಂತ ಚೆನ್ನಾಗಿ ಯಾರಿಗೆ ಬರುತ್ತೆ ಇದು! ಒಂದು ಸಾಲು ಉದ್ದಕ್ಕೆ ಬಿಟ್ಟು, ಆಮೇಲೆ ಮದ್ದು ಎಳ್ಕೊಳ್ಳಿ!"

ನಮ್ಮವರು ತಲೆ ಎತ್ತಿದರು. ಆ ಮುಖಗಳನ್ನೆಲ್ಲ ನೋಡಿದರು. ಅವರ ಬಾಯಿ ಮುಚ್ಚಿಕೊಂಡದ್ದು ನನ್ನ ಕಣ್ಣೆದುರೇ ನಡೆಯಿತು.

"ನಾನೂ ಹಾಡ್ತೀನಿ ಅಣ್ಣಾ, ನನ್ ಜೊತೆ ಹಾಡಿ," ಎಂದರು ಟೈಲರ್, ಪಾಪ. ಬಾಯಿ ತುಂಬ ಶುರು ಮಾಡಿದರು. "ಹೋಗು ಹೋಗು ಗಾಳಿಯೇ..."

ಎಂಥ ದನಿ! ಆ ಕಬ್ಬಿಣದ ಬಾವಿ ತುಂಬಿಹೋಯಿತು. ಮಿಕ್ಕವರೂ ಸೇರಿಕೊಂಡರು. ನಮ್ಮವರ ತುಟಿ ಆಡತೊಡಗಿತು. 'ಹೋ'ಗೆ ದುಂಡಗೆ, 'ಗಾ'ಗೆ ಅಗಲ. ಬಲಗೈ ಕೂಡ ಮೇಲೆದ್ದಿತು. ಎದೆ ಮಾತ್ರ ಉಬ್ಬಿದಲ್ಲೇ ಉಬ್ಬಿ ನಿಂತಿತ್ತು.

"ಶಭಾಷ್ ಸರ್! ಹಾಗೇ! ನೋಡಿ, ಎಷ್ಟು ಚೆನ್ನಾಗಿ ಹಾಡ್ತಿದಾರೆ!" ಟೀಚರ್ ಮೇಲಿನಿಂದ ಅಳುವ ದನಿಯಲ್ಲೇ ಹುರುಪು ತುಂಬಿದರು.

ಆಡುತ್ತಿದ್ದ ಆ ತುಟಿಗಳು ನೀಲಿಯಾಗುತ್ತಿದ್ದವು. ಮೇಲಿದ್ದ ಯಾರಿಗೂ ತಿಳಿಯುತ್ತಿರಲಿಲ್ಲ. ಅಷ್ಟು ಜನರ ಕಣ್ಣೆದುರು, ಅಷ್ಟು ಜನ ಭೇಷ್ ಎನ್ನುತ್ತಿರುವಾಗ, ಒಬ್ಬ ಮನುಷ್ಯ ಮರ್ಯಾದೆಯಿಂದ ಸಾಯುತ್ತಿದ್ದ. ಅವರು ನನ್ನನ್ನೇ ನೋಡುತ್ತಿದ್ದರು. ಆ ನೋಟಕ್ಕೆ ಬೇರೆ ಅರ್ಥ ಇರಲಿಲ್ಲ. ಹೇಳಬೇಡ ಎಂದು ಬೇಡುತ್ತಿದ್ದರು.

ನಾನು ಸಂದಿನ ಕಡೆ ತಿರುಗಿ ಗಂಟಲು ಹರಿಯುವ ಹಾಗೆ ಕಿರುಚಿದೆ.

"ಟೈಲರಣ್ಣಾ, ಬಾಯಿ ಮುಚ್ಚಿ! ಎಲ್ಲರೂ ಬಾಯಿ ಮುಚ್ಚಿ! ಇವರು ಹಾಡ್ತಿಲ್ಲ! ಇವರು ಒಂದು ದಿನಾನೂ ಹಾಡಿಲ್ಲ, ಬರೀ ಬಾಯಿ ಆಡಿಸಿದಾರೆ!"

ಹಾಡು ಕತ್ತರಿಸಿದ ಹಾಗೆ ನಿಂತಿತು. ಎಲ್ಲರೂ ಕೆಳಗೆ ನೋಡಿದರು. ಆ ನಿಶ್ಶಬ್ದದಲ್ಲಿ ನಮ್ಮವರ ತುಟಿ ಇನ್ನೂ ಒಂದು ಗಳಿಗೆ ಆಡಿತು. ಎತ್ತಿದ ಕೈ ಹಾಗೇ ಇತ್ತು. ಟೀಚರ್ ಬಾಯಿಗೆ ಕೈ ಅಡ್ಡ ಹಿಡಿದುಕೊಂಡರು.

ನಾನು ನಮ್ಮವರ ಭುಜ ಹಿಡಿದು ಅಲುಗಿಸಿದೆ. ಇಷ್ಟು ವರ್ಷ ಒಮ್ಮೆಯೂ ಆಡದ ಏಕವಚನ ಬಾಯಿಗೆ ಬಂತು. "ಬಾಯಿ ಆಡಿಸ್ಬೇಡ, ಹಾಡು! ಕತ್ತೆ ಹಾಗಿದ್ರೂ ಸರಿ, ಕಾಗೆ ಹಾಗಿದ್ರೂ ಸರಿ, ನನಗೆ ಕೇಳ್ಬೇಕು!"

ಅವರ ಕಣ್ಣಲ್ಲಿ ಬಂದದ್ದನ್ನು ಏನೆಂದು ಕರೆಯಲಿ? ದ್ವೇಷ ಎನ್ನಲು ನಾಲಿಗೆ ಹೊರಳುವುದಿಲ್ಲ, ಆದರೆ ಅದಕ್ಕಿಂತ ಕಡಿಮೆಯೇನಲ್ಲ. ಆ ಸಿಟ್ಟಿನಲ್ಲೇ ಬಾಯಿ ತೆರೆದರು. ಸದ್ದು ಹೊರಟಿತು. ಹರಿದ, ಒರಟಾದ, ನಡುವೆ ನಡುವೆ ಶಿಳ್ಳೆ ಹೊಡೆಯುವ ಸದ್ದು. "ಹೋಗು... ಹೋಗು..." ಮೇಲೆ ಯಾರೋ ಬಿಕ್ಕಿದರು. ನಾನು ಅವರ ಹೊಟ್ಟೆಯ ಮೇಲೆ ಅಂಗೈ ಇಟ್ಟು ಒತ್ತಿದೆ. "ಬಯಲು... ದೊ... ಡ್ಡ..." ಕೊನೆಯ 'ದೂ' ದನಿಯಾಗಿ ಬರಲಿಲ್ಲ, ಬರೀ ಗಾಳಿಯಾಗಿ ಬಂತು, ಉದ್ದಕ್ಕೆ, ನಿಲ್ಲದೆ. ಹೊಟ್ಟೆ ನನ್ನ ಕೈ ಕೆಳಗೆ ಇಳಿಯಿತು, ಎದೆ ಕುಗ್ಗಿತು. ಅದು ಪೂರ್ತಿ ಕುಗ್ಗಿದಲ್ಲಿ ನಾನು ಇನ್‌ಹೇಲರ್ ಬಾಯಿಗಿಟ್ಟು ಒತ್ತಿದೆ.

ಈ ಸಲ ಹೊಗೆ ಹೊರಗೆ ಬರಲಿಲ್ಲ.

"ಉಸಿರು ಹಿಡ್ಕೊಳ್ಳಿ," ಟೀಚರ್ ಮೇಲಿನಿಂದ ಪಿಸುದನಿಯಲ್ಲಿ ಹೇಳಿದರು. "ಈಗ ಮತ್ತೆ ಹಾಡಿ."

ಮತ್ತೆ ಹಾಡಿದರು. ಮತ್ತೆ ಮದ್ದು. ಹೊರಗೆ, ಒಳಗೆ. ಮೇಲಿದ್ದವರು ಯಾರೂ ದನಿಗೂಡಿಸಲಿಲ್ಲ. ಕೆಮ್ಮು ಬಂದವರು ದೂರ ಹೋಗಿ ಕೆಮ್ಮಿ ಬಂದರು. ಆ ಕಟ್ಟಡದಲ್ಲೆಲ್ಲ ಕೇಳುತ್ತಿದ್ದದ್ದು ಅವರೊಬ್ಬರ ಒಡಕು ದನಿ. ನಾಚಿಕೆಯಿಂದ ಅವರ ಕಿವಿ ಕೆಂಪಾಗಿತ್ತು. ಕಿವಿ ಕೆಂಪಾಗಿದೆ, ತುಟಿ ನೀಲಿಯಿಲ್ಲ ಎಂದು ಕಂಡಾಗ ನಾನು ಗೋಡೆಗೆ ಒರಗಿದೆ.

ಮೆಕ್ಯಾನಿಕ್ ಬಂದ, ಬಾಗಿಲು ತೆರೆಯಿತು, ಗಾಲಿಕುರ್ಚಿ ಬಂತು. ಮುಖಕ್ಕೆ ಆಕ್ಸಿಜನ್ ಮಾಸ್ಕ್ ಕಟ್ಟಿ ಮುಂದಿನ ಕಟ್ಟಡಕ್ಕೆ ತಳ್ಳಿಕೊಂಡು ಹೋದರು. ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತು ಎಂದರು ಡಾಕ್ಟರು. ಟೀಚರ್ ವಾರ್ಡಿನ ಬಾಗಿಲಲ್ಲಿ ನಿಂತಿದ್ದರು, ಒಳಗೆ ಬರಲು ಧೈರ್ಯವಿಲ್ಲದವರ ಹಾಗೆ. "ನಾನು ಕೈಗಳನ್ನ ನೋಡ್ತಾ ಇದ್ದೆ ಅಮ್ಮಾ," ಎಂದರು. "ನಾನು ಪಕ್ಕದಲ್ಲೇ ಕೂತಿದ್ದೆ ತಾಯಿ," ಎಂದೆ.

ಎಲ್ಲರೂ ಹೋದ ಮೇಲೆ ನಮ್ಮವರು ಮಾಸ್ಕ್ ಸರಿಸಿದರು. ಪಿಸುಗುಟ್ಟಲಿಲ್ಲ, ಆ ಒಡಕು ದನಿಯಲ್ಲೇ ಮಾತಾಡಿದರು. ಇನ್ನು ಮುಚ್ಚಿಡಲು ಏನಿತ್ತು?

"ಎಲ್ಲರ ಮುಂದೆ ಹೇಳಿಬಿಟ್ಟೆ."

"ಹೌದು," ಎಂದೆ. "ಹೇಳಿದೆ."

"ನಿನ್ನನ್ನ ಬೇಡಿಕೊಂಡೆ. ನಿನಗೆ ಗೊತ್ತಾಯ್ತು."

"ಗೊತ್ತಾಯ್ತು."

"ಆದರೂ ಹೇಳಿದೆ."

"ಆದರೂ ಹೇಳಿದೆ. ನಾಳೆ ಹೀಗೇ ಆದರೂ ಹೇಳ್ತೀನಿ. ಮಾಸ್ಕ್ ಹಾಕ್ಕೊಳ್ಳಿ."

ಅವರು ಹಾಕಿಕೊಂಡರು. ಆಮೇಲೆ ಬೇಕೆಂದೇ, ಮಂಚ ಕಿರುಗುಟ್ಟುವ ಹಾಗೆ, ನನಗೆ ಬೆನ್ನು ಹಾಕಿ ಗೋಡೆಯ ಕಡೆ ತಿರುಗಿ ಮಲಗಿದರು. ಈ ಸಿಟ್ಟು ಒಂದೆರಡು ದಿನಕ್ಕೆ ಇಳಿಯುವಂಥದ್ದಲ್ಲ ಎಂದು ನನಗೆ ತಿಳಿದಿತ್ತು, ಇಳಿಯದೆಯೂ ಇರಬಹುದು. ಇರಲಿ. ಕುರ್ಚಿಯನ್ನು ಮಂಚದ ಹತ್ತಿರಕ್ಕೆ ಎಳೆದುಕೊಂಡೆ. ಅವರ ಬೆನ್ನು ಮೇಲೇಳುತ್ತಿತ್ತು, ಇಳಿಯುತ್ತಿತ್ತು. ಮತ್ತೆ ಮೇಲೇಳುವ ತನಕ ಪ್ರತಿ ಸಲವೂ ನಾನು ಕಾಯುತ್ತಿದ್ದೆ.